ಬಿ ಸೈಡು, ಮೂರನೆಯದು

ಚಿಂತಾಮಣಿ ಬಸ್ ಸ್ಟ್ಯಾಂಡಿನ ಹಿಂದಿನ ಆ ಗಲ್ಲಿಗೆ
ಪುರಸಭೆಯ ಬೋರ್ಡಿನಲ್ಲಿ ಬೇರೆ ಹೆಸರಿದೆ.
ನಾವು ಕ್ಯಾಸೆಟ್ ಗಲ್ಲಿ ಅಂತಿದ್ದೆವು.
ನಮ್ಮಪ್ಪನ ಕಾಲಕ್ಕೆ ಅದು ಪದದ ಪುಸ್ತಕದ ಗಲ್ಲಿ.

ಮೊದಲು ಬಂದದ್ದು ನಾಗಭೂಷಣ ಶೆಟ್ಟರ ಟ್ರೆಡಲ್ ಮಿಷನ್ನು.
ಹದಿನಾರು ಪುಟ, ನಾಲ್ಕಾಣೆ, ಗುಲಾಬಿ ರಟ್ಟು.
ತೆಲುಗು ಪದ ಕನ್ನಡ ಅಕ್ಷರದಲ್ಲಿ,
ಕನ್ನಡ ಪದ ಅರ್ಧ ತೆಲುಗಿನಲ್ಲಿ,
ಹಾಡೋ ಬಾಯಿಗೆ ಎರಡೂ ಒಂದೇ ಉಗುಳು.
ಳಕಾರದ ಮೊಳೆ ಸವೆದು ಹೋಗಿ
ಒಂದಿಡೀ ವರ್ಷ ಈ ಸೀಮೆಯಲ್ಲಿ
ಮಳೆ ಮಲೆಯಾಯಿತು, ಬಾಳೆ ಬಾಲೆಯಾಯಿತು.
ಯಾರೂ ದುಡ್ಡು ವಾಪಸ್ ಕೇಳಲಿಲ್ಲ.

ಶೆಟ್ಟರ ಮಗ ಮಿಷನ್ನನ್ನು ತೂಕಕ್ಕೆ ಹಾಕಿ
ಎಂಬತ್ತೆರಡರಲ್ಲಿ ಜೋಡಿ ಡೆಕ್ ತಂದ.
ಎದುರಿಗೆ ಬಾಬಾಜಾನ್ ಸಾಬರ ಬುಲ್‌ಬುಲ್ ರೆಕಾರ್ಡಿಂಗ್ಸ್,
ಮೂಲೆಯಲ್ಲಿ ಅಂಬಾಜಿ ಆಡಿಯೋ,
ಕೊನೆಗೆ ಕಡ್ಲೆಕಾಯಿ ಮಂಡಿಯ ಚೌಡರೆಡ್ಡಿಯೂ
ಮೊಟ್ಟೆ ಟ್ರೇಗಳನ್ನು ಗೋಡೆಗೆ ಬಡಿದು
ಮಂಡಿಯನ್ನೇ ಸ್ಟುಡಿಯೋ ಮಾಡಿದ.
ರೆಡ್ಡಿಯ ಯಾವ ಕ್ಯಾಸೆಟ್ ಕೇಳಿದರೂ
ಹಾಡಿನ ಹಿಂದೆ ಮದನಪಲ್ಲಿ ಬಸ್ಸಿನ ಹಾರನ್ನಿದೆ.

ನನ್ನದು ಲೇಬಲ್ ಅಂಟಿಸೋ ಕೆಲಸ. ನೂರಕ್ಕೆ ಎರಡು ರೂಪಾಯಿ.
ಮೈದಾ ಅಂಟು, ತೋರುಬೆರಳು,
ಎ ಸೈಡು ಕೆಂಪು, ಬಿ ಸೈಡು ಹಸಿರು.
ಗಾಯನ: ಇಂಥವರು ಮತ್ತು ಸಂಗಡಿಗರು.
ಸಾಹಿತ್ಯ: ಜಾನಪದ.
ಸರ್ವ ಹಕ್ಕುಗಳು: ಚೌಡರೆಡ್ಡಿ.
ಜಾನಪದ ಅಂದ್ರೆ ಯಾವೂರೋರಣ್ಣ, ಅಂತ ಒಂದಿನ ಕೇಳಿದೆ.
ಅಂಟ್ಸಮ್ಮಿ, ಅಂದ.

ಮುನಿಪಿಳ್ಳಕ್ಕ ಬಂದಿದ್ದು ಮುರುಗಮಲ್ಲದ ಕಡೆಯಿಂದ,
ಸೊಂಟದಲ್ಲಿ ಎಲೆಅಡಿಕೆ ಚೀಲ.
ಮೈಕನ್ನು ಸುತ್ತಿ ಬಂದು ನೋಡಿದಳು:
ಇದಕ್ಕೆ ಬಾಯಿಲ್ಲ, ಸೊಲ್ಲು ಎತ್ಕೊಳ್ಳೋರು ಯಾರು?
ಅವಳ ಪದಕ್ಕೆ ಎದುರಿಗೆ ಇನ್ನೊಬ್ಬರು ಬೇಕು,
ರಾಗಿಕಲ್ಲಿನ ಗೂಟಕ್ಕೆ ಆ ಕಡೆಯ ಕೈ.
ರೆಡ್ಡಿ ನನ್ನನ್ನೇ ಕೂರಿಸಿದ.
ಅವಳು ಎಳೆದಳು, ನಾನು ತಳ್ಳಿದೆ,
ನಾನು ಎಳೆದೆ, ಅವಳು ತಳ್ಳಿದಳು,
ಮಧ್ಯೆ ಕಲ್ಲಿರಲಿಲ್ಲ.
ಮುಗಿದ ಮೇಲೆ, ಹಿಟ್ಟು ಹಾರಿದೆ ಅನ್ನೋ ಹಾಗೆ
ಸೆರಗು ಕೊಡವಿಕೊಂಡಳು.

ಎಪ್ಪತ್ತೈದು ರೂಪಾಯಿ, ಒಂದು ರವಿಕೆ ಕಣ,
ಛಾಪಾ ಕಾಗದಕ್ಕೆ ಹೆಬ್ಬೆಟ್ಟು.
ಶಾಯಿ ಒರೆಸೋಕೆ ನನ್ನ ಲಂಗವನ್ನೇ ಎಳೆದುಕೊಂಡಳು.
ಆ ಕಲೆ ಹೋಗಲಿಲ್ಲ.

ಅಕ್ಷರ ಗುಂಡಗಿದೆ ಅಂತ
ಪ್ರೆಸ್ಸಿಗೆ ಪಟ್ಟಿ ಬರೆಯೋದೂ ನನ್ನ ಪಾಲಿಗೇ.
ಬಿ ಸೈಡಿನಲ್ಲಿ ಪದ ಐದು. ನಾನು ಬರೆದದ್ದು ನಾಲ್ಕು.
ಮೂರನೆಯದನ್ನು ದಾಟಿಬಿಟ್ಟಿದ್ದೆ.
ಐನೂರು ಕ್ಯಾಸೆಟ್ ಹೋದ ಮೇಲೆ ರೆಡ್ಡಿ ಕೂಗಾಡಿದ.
ಕರೆಂಟಿರಲಿಲ್ಲ, ನಿದ್ದೆ ಬಂದಿತ್ತು, ಅಂದೆ.
ಈಗಲೂ ಅದನ್ನೇ ಅನ್ನುತ್ತೇನೆ.

ಆಮೇಲಿನದು ನಿಮಗೇ ಗೊತ್ತು.
ಸಿ.ಡಿ. ಬಂತು, ಮೆಮೊರಿ ಕಾರ್ಡು ಬಂತು,
ಮೂವತ್ತು ರೂಪಾಯಿಗೆ ಐನೂರು ಪದ ತುಂಬಿಕೊಟ್ಟರು.
ಬುಲ್‌ಬುಲ್‌ನಲ್ಲಿ ಈಗ ಫೋನಿನ ಕವರು.
ಅಂಬಾಜಿಯ ಟೇಪು ಬಿಚ್ಚಿ ಟೊಮೆಟೊ ತೋಟದವರು
ಹಕ್ಕಿ ಬೆದರಿಸೋಕೆ ಕಟ್ಟಿದರು; ಗಾಳಿಗೆ ಗುಂಯ್ ಅನ್ನುತ್ತಿತ್ತು,
ಯಾವ ಪದ ಅಂತ ಹೇಳೋಕಾಗದು.
ರೆಡ್ಡಿಯ ಮಕ್ಕಳು ಎಲ್ಲವನ್ನೂ ಬೆಂಗಳೂರಿನ ಕಂಪನಿಗೆ,
ಆ ಕಂಪನಿ ಮುಂಬಯಿಯ ಇನ್ನೊಂದಕ್ಕೆ ಮಾರಿದವು.
ಯಾರೂ ಕೇಳಿ ಕೊಳ್ಳಲಿಲ್ಲ. ಪಟ್ಟಿ ನೋಡಿ ಕೊಂಡರು.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯೋ ಹುಡುಗಿಯರು
ಅಜ್ಜಿಯರ ಪದ ಹೇಳಿ ಫೋನಿಗೆ ಹಾಕುತ್ತಾರೆ.
ಒಂದೊಂದೇ ಅಳಿಸಿ ಹೋಗುತ್ತವಂತೆ,
ಹಕ್ಕು ಬೇರೆಯವರದಂತೆ.
ಒಂದು ಮಾತ್ರ ಉಳಕೊಂಡಿದೆ, ಯಾಕೋ ಗೊತ್ತಿಲ್ಲ, ಅಂದಳು
ನಮ್ಮ ಬೀದಿಯ ಶಾಹೀನಾ, ಕೇಳಿಸಿದಳು.

ಚೆನ್ನಾಗಿ ಹೇಳಿದ್ದಾರೆ. ಎಳೆಯೋರು ಎಳೆದು, ತಳ್ಳೋರು ತಳ್ಳಿ.
ಎರಡನೇ ಸೊಲ್ಲು ಮುಗಿಯೋ ಕಡೆ
ಮದನಪಲ್ಲಿ ಬಸ್ಸು ಬರಬೇಕಿತ್ತು.
ಬರಲಿಲ್ಲ.